ಬ್ಯಾಟರಿ ಖಲಾಸ್

ಮನೆಯಿಡೀ ಒಣಮೀನಿನ ವಾಸನೆ. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಕಪಾಟಿನೊಳಗೆ ಇಟ್ಟರೂ ಅದು ಹೊರಗೆ ಬಂದು ಸೋಫಾದಲ್ಲಿ ನನ್ನ ಪಕ್ಕವೇ ಕುಳಿತಿದೆ. ಮಗಳು "ಡ್ಯಾಡಿ, ಪ್ಲೀಸ್ ಥ್ರೋ ಇಟ್" ಎಂದು ಮೂಗು ಹಿಡಿದುಕೊಂಡು ಹೋದಳು. ಎಸೆಯಲಾರೆ. ಕಳಿಸಿದವರು ಸಿಸ್ಟರ್ ಲವೀನಾ. ನನ್ನ ಮೇಲೆ ಸಿಟ್ಟಾಗುವ ಹಕ್ಕಿದ್ದೂ ತಾವಿರುವ ದ್ವೀಪದಿಂದ ವರ್ಷಕ್ಕೊಮ್ಮೆ ಮೀನು ಕಳಿಸುವವರು.

ನನ್ನದು ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಸೌರಫಲಕಗಳನ್ನು ಕಂಟೇನರಿಗೆ ತುಂಬಿಸಿ ಹಡಗು ಹತ್ತಿಸುವ ಕೆಲಸ. ಎಣ್ಣೆಯ ನಾಡಿನಿಂದ ದ್ವೀಪಗಳಿಗೆ ಬಿಸಿಲು ಹಿಡಿಯುವ ಸಾಮಾನು ರವಾನೆ, ನೋಡಿ. ಸಮುದ್ರ ಏರಿ ಮುಳುಗಲಿರುವ ಪುಟ್ಟ ದೇಶಗಳ ಬಗ್ಗೆ ದುಬೈಯ ಹೋಟೆಲೊಂದರಲ್ಲಿ ಸಭೆ ನಡೆದಾಗ ನಾನೂ ಹೋಗಿದ್ದೆ. ಭೂಮಿ ಬಿಸಿಯಾಗುತ್ತಿದೆ ಎಂಬ ಭಾಷಣವನ್ನು ಏಸಿಯ ಚಳಿಗೆ ಕೋಟು ಹಾಕಿಕೊಂಡು ಕೇಳಿದೆ. ಬೈಯೋಣವೆಂದರೆ, ಹೊರಗೆ ಬರುವ ಮೊದಲೇ ಫೋನಿನಿಂದ ಕಾರಿನ ಏಸಿ ಚಾಲೂ ಮಾಡಿದವನೂ ನಾನೇ.

ಲವೀನಾ ಮಂಗಳೂರಿನ ಕಡೆಯವರು. ಅಬುಧಾಬಿಯ ಖಾಲಿದಿಯಾದಲ್ಲಿ ನರ್ಸ್ ಆಗಿದ್ದು, ಆಮೇಲೆ ಹಿಂದೂ ಮಹಾಸಾಗರದ ಒಂದು ಚಿಕ್ಕ ದ್ವೀಪದ ಕ್ಲಿನಿಕ್ ಸೇರಿದರು. ಅಲ್ಲಿ ಕರೆಂಟೆಂದರೆ ಡೀಸೆಲ್ ಜನರೇಟರ್. ಡೀಸೆಲ್ ಎಂದರೆ ಸಮುದ್ರ ಸುಮ್ಮನಿದ್ದ ದಿನ ಬರುವ ದೋಣಿ. ದೋಣಿ ತಪ್ಪಿದರೆ ಮಕ್ಕಳ ಲಸಿಕೆಯಿಟ್ಟ ಫ್ರಿಜ್ ಬಂದ್. ಅವರು ಕಾಯುತ್ತಿದ್ದ ಫಲಕ, ಬ್ಯಾಟರಿ ಎರಡೂ ನನ್ನ ಗೋದಾಮಿನಿಂದಲೇ ಹೋಗಬೇಕಿತ್ತು.

ತುಂಬಿಸುವ ದಿನ ನಮ್ಮ ಫೋರ್‌ಮನ್, ಉಡುಪಿಯ ಸದಾನಂದ, ಫೋನಿನಲ್ಲಿ ಹೇಳಿದರು: "ಪ್ಯಾನೆಲ್ ಆಯ್ತು. ಬ್ಯಾಟರಿ ಖಲಾಸ್." ನಾನು ಎರಡಕ್ಕೂ ಟಿಕ್ ಹಾಕಿದೆ.

ಬ್ಯಾಟರಿ ಹತ್ತಿಯೇ ಇಲ್ಲವೆಂದು ಹಡಗು ಹೋದ ಮೇಲೆ ಗೊತ್ತಾಯಿತು. ಸದಾನಂದರನ್ನು ಕೇಳಿದರೆ, "ಲೋಡಿಂಗ್ ಖಲಾಸ್ ಅಂತ ಅಲ್ಲ ಮಾರಾಯ್ರೆ. ಸ್ಟಾಕ್ ಖಲಾಸ್ ಅಂತ ನಾನು ಹೇಳಿದ್ದು."

ಮುಗಿಸಿದ್ದಕ್ಕೂ ಮುಗಿದುಹೋದದ್ದಕ್ಕೂ ಒಂದೇ ಪದ ಇಟ್ಟುಕೊಂಡು ಇಲ್ಲಿ ನಾವೆಲ್ಲ ಹೇಗೆ ಬದುಕುತ್ತಿದ್ದೇವೋ ಕಾಣೆ. ಇಬ್ಬರೂ ಕರಾವಳಿಯವರು, ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ನಮಗೆ ಅರಬ್ಬಿಯೇ ಬೇಕಿತ್ತು. ಹೋಗಲಿ, ಯಾವ ಖಲಾಸ್ ಎಂದು ಒಂದು ಮಾತು ಕೇಳಲು ನನ್ನ ನಾಲಿಗೆಗೆ ಏನಾಗಿತ್ತು?

ದ್ವೀಪಕ್ಕೆ ಫಲಕಗಳಷ್ಟೇ ತಲುಪಿದವು. ಆ ವಾರ ಡೀಸೆಲ್ ದೋಣಿಯೂ ಬರಲಿಲ್ಲ. ಲವೀನಾ ಫೋನ್ ಮಾಡಿದರು. "ಹಗಲು ಫ್ರಿಜ್ ಓಡ್ತದೆ ಸರ್, ಸಂಜೆ ನಿಲ್ತದೆ. ಲಸಿಕೆಗೆ ಹಗಲು ರಾತ್ರಿ ಗೊತ್ತುಂಟಾ?" ಇದ್ದ ಲಸಿಕೆಯನ್ನೆಲ್ಲ ಎಸೆಯಬೇಕಾಯಿತು. ಮುಂದಿನ ಹಡಗಿನಲ್ಲಿ ಬ್ಯಾಟರಿ ತಲುಪುವವರೆಗೆ ಮಕ್ಕಳು ಚುಚ್ಚುಮದ್ದಿಲ್ಲದೆ ಕಾದರು. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಅಂದಿನಿಂದ ಮಗಳು "ಹೋಮ್‌ವರ್ಕ್ ಖಲಾಸ್" ಎಂದರೂ "ಯಾವ ಖಲಾಸ್?" ಎಂದು ಪೀಡಿಸುತ್ತೇನೆ.

ಈ ಸಲದ ಮೀನಿನ ಜೊತೆ ಒಂದು ಚೀಟಿಯಿತ್ತು. ಬ್ಯಾಟರಿ ಇನ್ನೂ ಗಟ್ಟಿಮುಟ್ಟಾಗಿದೆಯಂತೆ, ಫ್ರಿಜ್ ಮತ್ತೆ ಒಮ್ಮೆಯೂ ನಿಂತಿಲ್ಲವಂತೆ. ಆದರೆ ಉಬ್ಬರದ ನೀರು ಕ್ಲಿನಿಕ್ಕಿನ ಹೊಸ್ತಿಲು ದಾಟುತ್ತಿದೆ. ಫಲಕಗಳನ್ನು ಬಿಚ್ಚಿ ದೊಡ್ಡ ದ್ವೀಪಕ್ಕೆ ಸಾಗಿಸುತ್ತಾರಂತೆ, ಜನರನ್ನೂ. ಕೊನೆಗೆ ಒಂದೇ ಸಾಲು: "ಇಲ್ಲಿಯದ್ದು ಖಲಾಸ್ ಸರ್."

ಅಭ್ಯಾಸದಂತೆ, ಯಾವ ಖಲಾಸ್ ಎಂದು ಕೇಳಲು ಫೋನ್ ಎತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. ಕಪಾಟು ತೆರೆದು ಒಂದು ತುಂಡು ಮೀನು ಹುರಿಯಲು ಹಾಕಿದೆ. ಮಗಳು ಮತ್ತೆ ಮೂಗು ಹಿಡಿದುಕೊಂಡು ಬಂದಳು.

"ಕೈ ತೆಗಿ ಮಗಾ," ಎಂದೆ. "ಆ ಊರಿನ ಮೀನು ಇನ್ನು ಬರುದಿಲ್ಲ."