ಎತ್ತಿನ ಕೊರಳಿನ ಚೀಟಿ

ಬೀದರದಲ್ಲಿ ನಮ್ಮ ಪಕ್ಕದ ಮನೆಯ ವಿಜ್ಞಾನಿ ಎಳೆ ಜೋಳದ ವಿಷದ ಬೆನ್ನು ಹತ್ತಿದ್ದರು. ಎಲೆ ಜಜ್ಜಿ ಸೀಸೆಗೆ ಹಾಕಿ, ಒಳಗೆ ಹಳದಿ ಕಾಗದದ ಪಟ್ಟಿ ಇಳಿಬಿಡುವರು. ವಿಷವಿದ್ದರೆ ಕಾಗದ ಕೆಂಪಾಗುವುದು. ಯಾರು ಅವಸರ ಮಾಡಿದರೂ ಅವರದು ಒಂದೇ ಮಾತು: "ಎಲಿ ಹೇಳಲಿ, ತಡೀರಿ."

ಅವರು ನಿಜಾಮರ ಕಾಲದ ಉರ್ದು ಸಾಲಿಯಲ್ಲಿ ಓದಿದವರು. ಎಳೆ ಜೋಳ ಮೇಯಿಸಬೇಡಿರೆಂದು ಉರ್ದುವಿನಲ್ಲೇ ಚೀಟಿ ಬರೆದು ಹಂಚಿದ್ದರು. ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹಲಬರ್ಗಾದ ಮುದುಕಿಯೊಬ್ಬಳ ಎತ್ತು ಎಳೆ ಜೋಳವನ್ನೇ ತಿಂದು ಸತ್ತಿತು. ಹೋಗಿ ನೋಡಿದರೆ, ಎತ್ತಿನ ಕೊರಳಲ್ಲಿ ಇವರದೇ ಚೀಟಿ ತಾಯತವಾಗಿತ್ತು!

"ದರ್ಗಾದ್ದು ಅಂದ್ಕೊಂಡಿದ್ದೆ ಸಾಹೇಬ್ರ," ಎಂದಳು ಮುದುಕಿ.

ಮರುದಿನ ಅವರು ಪಾಟಿ ಹಿಡಿದು ಶಿಕ್ಷಕಿಯಾಗಿದ್ದ ನನ್ನೆದುರು ಕೂತರು. "ಎಲಿ ಹೇಳಿತ್ರಿ ಅಕ್ಕೋರ. ನನಗ ಹೇಳಲಿಕ್ಕ ಬರಲಿಲ್ಲ. ಅ ಆ ಕಲಿಸ್ರಿ."

ಮಳೆಗಾಲಕ್ಕೆ ಕನ್ನಡದ ಚೀಟಿ ಸಿದ್ಧವಾಯಿತು. ಮೊದಲನೆಯದನ್ನು ಆ ಮುದುಕಿಗೇ ಕೊಟ್ಟರು. ಆಕೆ ಕಣ್ಣಿಗೊತ್ತಿಕೊಂಡು, "ಹೊಸ ಎತ್ತಿಗಿ ಕಟ್ಟಲೇನ್ರಿ?" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ನಗಲಿಲ್ಲ.

"ಕಟ್ರಿ ಯವ್ವಾ. ಮೊದಲ ಕೇಳ್ರಿ," ಎಂದು ಆಕೆಯ ಪಕ್ಕದಲ್ಲೇ ನೆಲಕ್ಕೆ ಕೂತು, ಅಕ್ಷರಕ್ಕೊಮ್ಮೆ ಬೆರಳಿಟ್ಟು, ಒಂದನೇ ಇಯತ್ತೆಯ ಕೂಸಿನಂತೆ ಓದತೊಡಗಿದರು: "ಎ... ಳೆ... ಜೋ... ಳ..."