ಮೊಮ್ಮಗಳ ಕಂಪ್ಯೂಟರಿನಲ್ಲಿ ನನ್ನ ನಾಡಿ

ನನ್ನ ನಾಡಿ ಓಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಾಣೆಮಂಗಳೂರಿನಲ್ಲಿ ಇದನ್ನು ಹೇಳದೆ ಬಿಟ್ಟ ಮನೆ ಇಲ್ಲ. ಸೈಕಲಿನಲ್ಲಿ ಬರುವ ಮೀನಿನವನಿಗೂ ಹೇಳಿ ಆಗಿದೆ. ತೋರಿಸಿದವಳು ನನ್ನ ಮಗಳ ಮಗಳು.

ಆಗ ಅವಳಿಗೆ ಮೂಡುಬಿದಿರೆಯಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷ. ಹಾಸ್ಟೆಲಿನಿಂದ ಶನಿವಾರ ಮನೆಗೆ ಬರುವಳು. ತಾಯಿ ಕರೆಯುವುದನ್ನು ಕೇಳಿ ಕೇಳಿ ಅವಳೂ ನನ್ನನ್ನು ಉಮ್ಮಾ ಅಂತಲೇ ಕರೆಯುವುದು. ಆ ಸಲ ಬರುವಾಗ ಮುಖ ಸಣ್ಣದಾಗಿತ್ತು. ಪ್ರಾಜೆಕ್ಟ್ ಸೋಮವಾರ ತೋರಿಸಬೇಕು, ಅದು ಕೆಲಸ ಮಾಡುವುದಿಲ್ಲ ಅಂದಳು. ಬೆರಳಿಗೆ ಕ್ಲಿಪ್ ಹಾಕಿದರೆ ನಾಡಿ ಬಡಿದ ಹಾಗೆಯೇ ಕಂಪ್ಯೂಟರಿನಲ್ಲಿ ಗೆರೆ ಓಡಬೇಕಂತೆ. ಇಲ್ಲದಿದ್ದರೆ ಸರ್ ಒಪ್ಪುವುದಿಲ್ಲವಂತೆ.

ನನ್ನ ಬೆರಳು ಉಂಟಲ್ಲ ಮಗಾ, ತಕ್ಕೋ ಅಂದೆ.

ಬಟ್ಟೆ ಒಣಗಿಸುವ ಕ್ಲಿಪ್ಪಿಗೇ ಸಣ್ಣ ಕೆಂಪು ಲೈಟು ಕೂರಿಸಿದ್ದಳು. ಅದನ್ನು ನನ್ನ ಬೆರಳಿಗೆ ಸಿಕ್ಕಿಸಿ, ಅವಳ ತಂದೆ ಗಲ್ಫಿನಿಂದ ತಂದ ಲ್ಯಾಪ್‌ಟಾಪ್ ತೆರೆದಳು. ಕಂಪ್ಯೂಟರಿಗೆ ಹೇಳುವುದನ್ನೆಲ್ಲ ಅಕ್ಷರದಲ್ಲಿ ಬರೆಯಬೇಕು ಅಂತ ನಾನು ಎಣಿಸಿದ್ದೆ. ಇಲ್ಲಿ ಬರೀ ಚಿತ್ರ. ಸಣ್ಣ ಸಣ್ಣ ಪೆಟ್ಟಿಗೆಗಳು, ಒಂದರಿಂದ ಒಂದಕ್ಕೆ ಬಣ್ಣದ ವಯರು. ಕೆಲವು ಪೆಟ್ಟಿಗೆಗಳ ಸುತ್ತ ದಪ್ಪ ಬೇಲಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ನೋಡಲು ಆಗುವಂಥದ್ದು.

ಗೆರೆ ಬರುವ ಜಾಗ ಮಾತ್ರ ಖಾಲಿ. ಎಷ್ಟು ಹೊತ್ತು ಕೂತರೂ ಏನಿಲ್ಲ. ಬೇಜಾರಾಗಿ ಅವಳು ನಿಲ್ಲಿಸುವ ಗುಂಡಿ ಒತ್ತಿದ್ದೇ ತಡ, ಗೆರೆಯೆಲ್ಲ ಒಮ್ಮೆಲೇ ಬಂದು ಬಿತ್ತು. ಇದೇ ಇದರ ರೋಗ ಅಂದಳು. ಕ್ಲಿಪ್ ಬದಲಿಸಿದಳು, ವಯರು ಬಿಚ್ಚಿ ಪುನಃ ಸಿಕ್ಕಿಸಿದಳು. ಆದರೂ ಗೆರೆ ಎಲ್ಲ ಮುಗಿದ ಮೇಲೆಯೇ ಬರುವುದು.

ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಅವಳು ಪರದೆಯ ಮೇಲಿದ್ದ ಒಂದು ಬಲ್ಬಿನ ಚಿತ್ರ ಒತ್ತಿದಳು. ಆಗ ವಯರುಗಳ ಒಳಗೆ ಚುಕ್ಕೆಗಳು ನಿಧಾನಕ್ಕೆ ಇರುವೆ ಸಾಲಿನ ಹಾಗೆ ಹೊರಟವು. ಬೇಲಿಯ ಒಳಗೇ ಸುತ್ತುತ್ತವೆ, ಹೊರಗೆ ಒಂದೂ ಹೋಗುವುದಿಲ್ಲ. ಅವಳು ಲೋಟ ಕೆಳಗಿಟ್ಟಳು.

"ಉಮ್ಮಾ, ಗ್ರಾಫಿನ ಪೆಟ್ಟಿಗೆಯನ್ನು ನಾನು ಬೇಲಿಯ ಹೊರಗೆ ಇಟ್ಟಿದ್ದೇನೆ. ಒಳಗಿನ ಸುತ್ತು ಮುಗಿಯುವವರೆಗೆ ಹೊರಗಿನವರಿಗೆ ಇದು ಏನೂ ಕೊಡುವುದಿಲ್ಲ. ಎಲ್ಲ ಕಟ್ಟಿಟ್ಟು ಕೊನೆಗೆ ಕೊಡ್ತದೆ."

"ನಿನ್ನ ಅಜ್ಜನ ಕ್ಯಾಸೆಟಿನ ಹಾಗೆ," ಅಂದೆ.

ಅವಳಿಗೆ ನಗು. ಅವಳ ಅಜ್ಜ ಗಲ್ಫಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಮಾತಾಡಿ ಕ್ಯಾಸೆಟ್ ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಒಂದರಲ್ಲಿ ಜ್ವರ ಅಂತ ಕೆಮ್ಮಿದ್ದರು. ನಾನು ಎರಡು ದಿನ ಊಟ ಬಿಟ್ಟೆ. ಕ್ಯಾಸೆಟ್ ತಂದವರು ಆಮೇಲೆ ಸಿಕ್ಕಿ, ಅವರಾ, ಗಟ್ಟಿಮುಟ್ಟಾಗಿದ್ದಾರೆ, ಆ ಜ್ವರ ಹೋಗಿ ತಿಂಗಳಾಯಿತು ಅಂದರು. ಅವರ ನಗು, ಕೆಮ್ಮು, ಸಿಟ್ಟು ಎಲ್ಲ ನನಗೆ ಸಿಕ್ಕಿದ್ದು ಮುಗಿದ ಮೇಲೆ. ಕೆಲಸ ಬಿಟ್ಟು ಊರಲ್ಲೇ ನಿಲ್ಲುತ್ತೇನೆ ಅಂತ ಬಂದವರು ಹೆಚ್ಚು ಸಮಯ ಬದುಕಲಿಲ್ಲ. ಈಗ ಏನು ಮಾಡ್ತಿದ್ದೀರಿ ಅಂತ ಕೇಳಿ, ಆಗಲೇ ಉತ್ತರ ಕೇಳುವ ಆಸೆ ನನಗೆ ಪೂರ್ತಿ ತೀರಲೇ ಇಲ್ಲ.

ಅವಳು ಆ ಪೆಟ್ಟಿಗೆಯನ್ನು ಬೇಲಿಯೊಳಗೆ ಎಳೆದು ಹಾಕಿ, ನನ್ನ ಬೆರಳಿಗೆ ಕ್ಲಿಪ್ ಹಾಕಿದಳು. ಗೆರೆ ಓಡಿತು. ಆದರೆ ಹುಚ್ಚು ಹಿಡಿದ ಹಾಗೆ ಮೇಲೆ ಕೆಳಗೆ ಹಾರುತ್ತದೆ. ಅವಳು ನನ್ನ ಕೈ ನೋಡಿದಳು.

"ಉಮ್ಮಾ, ಬೆರಳಲ್ಲಿ ಏನು ಮಾಡ್ತಿದ್ದೀರಿ?"

"ನಿನ್ನದು ಸರಿಯಾಗಲಿ ಅಂತ ದಿಕ್ರ್ ಹೇಳ್ತಿದ್ದೇನೆ." ದೇವರ ಹೆಸರು ಹೇಳುವಾಗ ಹೆಬ್ಬೆರಳು ತನ್ನಷ್ಟಕ್ಕೆ ಬೆರಳ ಗಂಟು ಎಣಿಸುತ್ತದೆ, ಅಭ್ಯಾಸ.

"ಬಾಯಲ್ಲಿ ಹೇಳಿ. ಬೆರಳಲ್ಲಿ ಎಣಿಸಿದರೆ ನಿಮ್ಮನ್ನು ಆಸ್ಪತ್ರೆಗೆ ಸೇರಿಸಬೇಕು ಅಂತ ತೋರಿಸ್ತದೆ ಇದು."

ಕೈಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟೆ. ಗೆರೆ ಎದ್ದಿತು, ಇಳಿಯಿತು, ಪುನಃ ಎದ್ದಿತು. ಎದೆಯೊಳಗೆ ಡಬ್ ಅನ್ನುವುದೂ ಅಲ್ಲಿ ಏಳುವುದೂ ಒಟ್ಟಿಗೇ. ನನಗೆ ಅಳು ಬಂತು, ಆಗ ಅದು ಜೋರಾಯಿತು. ಆಯಿತು ಉಮ್ಮಾ, ತೆಗೆಯುವ ಅಂದಳು. ಇನ್ನೂ ಸ್ವಲ್ಪ ಇರಲಿ ಅಂದೆ.

ಸೋಮವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿದ ಮೇಲೆ ನಾನು ಫೋನಿನ ಹತ್ತಿರವೇ ಕೂತೆ. ಮಧ್ಯಾಹ್ನದ ಬಾಂಗು ಆಗಿ ಸ್ವಲ್ಪದರಲ್ಲಿ ಫೋನು ಬಡಿದುಕೊಂಡಿತು.

"ಉಮ್ಮಾ, ಒಪ್ಪಿದರು. ಸರ್ ತಮ್ಮದೇ ಬೆರಳು ಇಟ್ಟು ನೋಡ್ತಿದ್ದಾರೆ."

"ಈಗ ಓಡ್ತಾ ಉಂಟಾ?"

"ಈಗಲೇ, ನನ್ನ ಎದುರಿಗೇ ಓಡ್ತಾ ಉಂಟು."

ಹಾಗಾದರೆ ಫೋನ್ ಇಡಬೇಡ ಮಗಾ ಅಂದೆ. ಅವಳು ಇಡಲಿಲ್ಲ.