ಮೂರು ಗಂಟೆಯ ತಾಳೆ

ನನ್ನ ಗೆಳೆಯ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ವಯಸ್ಸು ನಲವತ್ತೊಂಬತ್ತು. ಲಿವರ್ ಕೈಕೊಟ್ಟಿತ್ತು. ಕುಡಿಯುತ್ತಿರಲಿಲ್ಲ, ಕೇಳುವವರು ಹೇಗೂ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ.

ಆಫೀಸಿನಲ್ಲಿ ಅವನ ಹೆಸರು ದಲ್ಲಾಳಿ. ನಮ್ಮದು ರಕ್ತನಿಧಿಗಳಿಗೆ ಪ್ರೋಗ್ರಾಂ ಬರೆಯುವ ಕಂಪನಿ. ಆರು ವರ್ಷದ ಹಿಂದೆ ಇನ್ನೊಂದು ಕಂಪನಿಯ ಜೊತೆ ಸೇರಿತು. ಅವರು ಕೋಡ್ ಇಡುತ್ತಿದ್ದ ತಾಣ ಬೇರೆ, ನಮ್ಮದು ಬೇರೆ. ತಮ್ಮದನ್ನು ಬಿಡಲು ಯಾರೂ ಒಪ್ಪಲಿಲ್ಲ. ಹೊಸ ಬೀಗರ ಹಾಗೆ ನಗುನಗುತ್ತಲೇ ಹಟ ಹಿಡಿದರು. ಇಲ್ಲಿ ತಿದ್ದಿದ್ದು ಅಲ್ಲಿ, ಅಲ್ಲಿ ತಿದ್ದಿದ್ದು ಇಲ್ಲಿ ತಾನಾಗಿ ಬರುವಂತೆ ಕೊಂಡಿ ಹಾಕುವ ಕೆಲಸ ಇವನ ತಲೆಗೆ ಬಂತು. ದಲ್ಲಾಳಿ ಅನ್ನೋ ಹೆಸರು ಬಿದ್ದದ್ದು ಆಗಲೇ.

ಮೊದಲ ವಾರವೇ ಎಡವಟ್ಟಾಯಿತು. ಕೊಂಡಿ ನಮ್ಮ ಹಳೆಯ ಪ್ರತಿಯನ್ನು ಅವರ ಹೊಸದರ ಮೇಲೆ ಹೇರಿ, ಅಲ್ಲಿಯ ಒಬ್ಬ ಹೆಣ್ಣುಮಗಳ ಹನ್ನೊಂದು ದಿನದ ದುಡಿಮೆಯನ್ನು ಅಳಿಸಿಹಾಕಿತು. ಇವನು ಬಸ್ಸು ಹತ್ತಿ ಹೋಗಿ, ಅವಳ ಪಕ್ಕದಲ್ಲೇ ಕುಳಿತು, ಅವಳ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಪ್ರತಿಯಿಂದ ಎಲ್ಲವನ್ನೂ ಹಿಂದಕ್ಕೆ ತಂದ. ಅಂದಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ ಎರಡೂ ತಾಣ ತೆರೆದು, ಕೊನೆಯ ಬದಲಾವಣೆಗೆ ಯಂತ್ರ ಕೊಟ್ಟ ಗುರುತಿನ ಮೊದಲ ಏಳು ಅಕ್ಷರ-ಅಂಕಿ ಗಟ್ಟಿಯಾಗಿ ಓದುತ್ತಿದ್ದ. ತಾಳೆಯಾದರೆ, "ಗಂಡ ಹೆಂಡ್ತಿ ಮಾತಾಡ್ತಿದಾರೆ, ಮಲ್ಕೋಬಹುದು" ಎನ್ನುತ್ತಿದ್ದ.

"ಇವರಿಗೆ ಆಫೀಸಲ್ಲೇ ಎರಡು ಸಂಸಾರ ಅಣ್ಣಾ, ಇದು ಮೂರನೇದು" ಎಂದು ಅವನ ಹೆಂಡತಿ ನನ್ನೆದುರು ಛೇಡಿಸುತ್ತಿದ್ದಳು.

ಒಂದೇ ತಪ್ಪು ಹಾಗೇ ಉಳಿದಿತ್ತು. ಅವಸರದಲ್ಲಿ ಕೊಂಡಿಯನ್ನು ತನ್ನ ಸ್ವಂತ ಲಾಗಿನ್ನಿನ ಕೀಗೆ ಕಟ್ಟಿದ್ದ. ಕಂಪನಿಯ ಹೆಸರಲ್ಲಿ ಕೀ ಬೇಕೆಂದರೆ ಎರಡೂ ಕಡೆಯ ಮುಖ್ಯಸ್ಥರು ಒಂದೇ ಹಾಳೆಗೆ ಸಹಿ ಹಾಕಬೇಕು. ಮೊದಲು ಹಾಕಲು ಇವರೂ ಒಲ್ಲರು, ಅವರೂ ಒಲ್ಲರು. ಆರು ವರ್ಷ ಹೀಗೇ ಸವೆಯಿತು.

ಡಾಕ್ಟರು ಕೈಚೆಲ್ಲಿದ ದಿನ ಅವನು ನನಗೆ ಹೇಳಿದ್ದು ಇದನ್ನೇ. "ನಾನು ಹೋದ್ರೆ ನನ್ನ ಲಾಗಿನ್ ಮುಚ್ತಾರೆ. ಕೊಂಡಿ ಸದ್ದಿಲ್ದೆ ಕಳಚತ್ತೆ. ಇಲ್ಲಿ ಸರಿ ಮಾಡಿದ ತಪ್ಪು ಅಲ್ಲಿ ಹಾಗೇ ಇರತ್ತೆ. ಯಾರಿಗೋ ಬೇರೆ ಗುಂಪಿನ ರಕ್ತ ಹೋದ್ಮೇಲೆ ಗೊತ್ತಾಗತ್ತೆ."

"ಸಹಿಗೆ ಓಡಾಡಿ ಓಡಾಡಿ ಚಪ್ಪಲಿ ಸವೀತು ಕಣೋ," ಎಂದೆ.

"ದಡ್ಡ, ಹಾಳೆ ಎರಡು ಮಾಡು. ಒಂದರಲ್ಲಿ ಇವರ ಹೆಸರು ಕೆಳಗೆ ಬರಲಿ, ಇನ್ನೊಂದರಲ್ಲಿ ಅವರದು. ಕೆಳಗಿನವರು ಆಮೇಲೆ ಹಾಕೋದು ತಾನೇ? ಇಬ್ಬರಿಗೂ ತಮ್ಮ ಹೆಸರು ಕೆಳಗಿರೋ ಹಾಳೇನೇ ತೋರ್ಸು. ಮೇಲಿನವರದು ಆಗ್ಲೇ ಒಪ್ಪಿಗೆ ಆಗಿದೆ ಅಂದ್ಕೊಳ್ಳಲಿ."

ನಾನು ಹಾಗೆ ಸುಳ್ಳಾಡಲಿಲ್ಲ. ಇಬ್ಬರಿಗೂ ನಿಜ ಹೇಳಿ ಎರಡು ಹಾಳೆ ಮುಂದಿಟ್ಟೆ. ಅವನ ಕಾಯಿಲೆ ಕೇಳಿ ಇಬ್ಬರೂ ಎರಡಕ್ಕೂ ಸಹಿ ಹಾಕಿದರು. ಆರು ವರ್ಷದಲ್ಲಿ ಆಗದ್ದು ಕಾಲು ಗಂಟೆಯಲ್ಲಿ ಆಯಿತು. ನನಗೆ ಸಿಟ್ಟು ಬರಬೇಕಿತ್ತು, ಸುಸ್ತಷ್ಟೇ ಆಯಿತು.

ಸೋಮವಾರ ಮೂರಕ್ಕೆ ನಾನೂ ಅವನ ಹೆಂಡತಿಯೂ ಅವನನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದೆವು. ಕೊಂಡಿಗೆ ಕಂಪನಿಯ ಕೀ ಹಾಕಿದ, ತನ್ನದನ್ನು ಅಳಿಸಿದ. ಕೊಂಡಿ ಹಿಡಿದಿದೆಯೇ ನೋಡಲು ಒಂದು ಖಾಲಿ ಸಾಲು ಸೇರಿಸಿ ನಮ್ಮ ಕಡೆಯಿಂದ ಕಳಿಸಿದ. ಕಾದೆವು. ಅವರ ಕಡೆಯ ಪರದೆ ನನ್ನ ಕೈಗೆ ಕೊಟ್ಟು, ತಾನು ನಮ್ಮದನ್ನು ಹಿಡಿದು, ಉಸಿರೆಳೆದುಕೊಳ್ಳುತ್ತ ಓದಿದ: "ಒಂಬತ್ತು, ಸಿ, ನಾಲ್ಕು, ನಾಲ್ಕು, ಎಫ್, ಸೊನ್ನೆ, ಎರಡು." ನನ್ನ ಕೈಯಲ್ಲಿದ್ದ ಪರದೆಯಲ್ಲೂ ಅವೇ ಏಳು ಇದ್ದವು.